‘ಸೆ’ ಮತ್ತು ‘ಕೊಳ್ಳು’

ಕಳೆದ ಮಳೆಗಾಲದ ಒಂದು ಸಂಜೆ ನೆರೆಮನೆಯ ಹುಡುಗನೊಬ್ಬ ಟಿಪ್ಪಣಿ ಪುಸ್ತಕವೊಂದನ್ನು ಕಂಕುಳಲ್ಲಿ ಇರುಕಿಕೊಂಡು ನಮ್ಮ ಮನೆಗೆ ಬಂದ. ಕಾಲೇಜಿನಲ್ಲಿ ಅವನು ಸ್ಪ್ಯಾನಿಷ್ ಭಾಷೆಯನ್ನು ಕಲಿಯುತ್ತಿದ್ದಾನೆ. ಕುಳಿತವನೇ ನಗುತ್ತ ಕೇಳಿದ: ‘ಮೇಷ್ಟ್ರೇ, ಈ ಸ್ಪೇನಿನವರಿಗೆ ತಮ್ಮ ಮೇಲೆ ಇಷ್ಟು ವ್ಯಾಮೋಹವೇಕೆ? ಬೆಳಿಗ್ಗೆ ತಮ್ಮನ್ನು ತಾವೇ ಎಬ್ಬಿಸುತ್ತಾರೆ. ಕುರ್ಚಿಯ ಮೇಲೆ ತಮ್ಮನ್ನು ತಾವೇ ಕೂರಿಸುತ್ತಾರೆ. ರಾತ್ರಿ ತಮ್ಮನ್ನು ತಾವೇ ಮಲಗಿಸುತ್ತಾರೆ. ಕಡೆಗೆ ತಮ್ಮನ್ನು ತಾವೇ ಸಾಯಿಸಿಯೂ ಬಿಡುತ್ತಾರೆ!’

ಪುಸ್ತಕವನ್ನು ತೆರೆದು ನೋಡಿದೆ. ಆತ್ಮಾರ್ಥಕ ಕ್ರಿಯಾಪದಗಳ ಪಟ್ಟಿ ಎರಡು ಪುಟಗಳಷ್ಟು ಉದ್ದವಾಗಿತ್ತು. ಪ್ರತಿಯೊಂದರ ಎದುರಿಗೂ ಇಂಗ್ಲಿಷಿನ ಅರ್ಥ. ಅರ್ಥದ ಕೊನೆಗೆ ‘ನನ್ನನ್ನು ನಾನೇ’ ಎಂಬ ಇಂಗ್ಲಿಷ್ ಬಾಲ. ನಾನು ಪುಸ್ತಕವನ್ನು ಮುಚ್ಚಿ, ‘ಇವತ್ತು ಎದ್ದ ಮೇಲೆ ಏನೇನು ಮಾಡಿದೆ, ಹೇಳು’ ಎಂದೆ.

‘ಹಲ್ಲು ಉಜ್ಜಿಕೊಂಡೆ, ಮುಖ ತೊಳೆದುಕೊಂಡೆ, ತಲೆ ಬಾಚಿಕೊಂಡೆ, ಅಂಗಿ ಹಾಕಿಕೊಂಡೆ...’

‘ಎಷ್ಟು ಸಲ ‘ಕೊಂಡೆ’ ಎಂದೆ?’

ಹುಡುಗ ಒಂದು ಕ್ಷಣ ಬೆರಳೆಣಿಸಿದ, ಬಳಿಕ ನಕ್ಕ. ಆ ನಗುವಿನ ಬೆನ್ನಿಗೇ ಅವನು ಆಡಿದ ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ: ‘ಇದು ನಮ್ಮಲ್ಲಿಯೂ ಉಂಟೆಂದು ಯಾರೂ ಹೇಳಲಿಲ್ಲವಲ್ಲ!’ ಈ ಲೇಖನಕ್ಕೆ ಆ ಮಾತೇ ಕಾರಣ.

ಸ್ಪ್ಯಾನಿಷ್ ಇಂದು ಸುಮಾರು 20 ರಾಷ್ಟ್ರಗಳ ಆಡಳಿತಭಾಷೆ. ಅದನ್ನು ಕಲಿಯುವ ಕನ್ನಡದ ಮಕ್ಕಳ ಸಂಖ್ಯೆಯೂ ಈಗ ಕಡಮೆಯಲ್ಲ. ಕಲಿಯುವವರೆಲ್ಲ ಮೊದಲು ಎಡವುವ ಕಲ್ಲುಗಳಲ್ಲಿ ‘ಸೆ’ ಎಂಬ ಈ ಪುಟ್ಟ ಸರ್ವನಾಮವೂ ಒಂದು. ಅದರ ಮೇಲಣ ರೂಪ ಸರಳವಾದದ್ದೇ. ‘ಲಾಬಾರ್’ ಎಂದರೆ ತೊಳೆ. ‘ಲಾಬಾರ್ಸೆ’ ಎಂದರೆ ತೊಳೆದುಕೊ. (ಬರಹದಲ್ಲಿ ಅಲ್ಲಿರುವುದು ವಕಾರವಾದರೂ ಉಚ್ಚಾರ ನಮ್ಮ ಬಕಾರಕ್ಕೆ ಹತ್ತಿರವಾದುದರಿಂದ ಹಾಗೆ ಬರೆದಿದ್ದೇನೆ.) ಕರ್ತೃ ‘ನಾನು’ ಆದರೆ ‘ಮೆ’, ‘ನೀನು’ ಆದರೆ ‘ತೆ’, ‘ನಾವು’ ಆದರೆ ‘ನೋಸ್’, ಸ್ಪೇನಿನಲ್ಲಿ ಬಳಕೆಯಲ್ಲಿರುವ ‘ನೀವೆಲ್ಲ’ ಎಂಬುದಕ್ಕೆ ‘ಓಸ್’, ಅವನು, ಅವಳು, ಅವರು ಎಲ್ಲರಿಗೂ ‘ಸೆ’. ಕಾಲ, ಪುರುಷಗಳನ್ನು ತೋರುವ ಕ್ರಿಯಾಪದಕ್ಕೆ ಇದು ಮುಂದಾಗಿ ನಿಲ್ಲುತ್ತದೆ: ‘ಮೆ ಲಾಬೊ’, ತೊಳೆದುಕೊಳ್ಳುತ್ತೇನೆ. ‘ತೊಳೆದುಕೊ’ ಎಂದು ಅಪ್ಪಣೆ ಮಾಡುವಾಗ ಹಿಂದೆ ಸರಿದು ಅಂಟಿಕೊಳ್ಳುತ್ತದೆ: ‘ಲಾಬಾತೆ’. ಇಷ್ಟನ್ನು ಒಂದು ವಾರದಲ್ಲಿ ಬಾಯಿಪಾಠ ಮಾಡಬಹುದು. ತೊಡಕು ಇರುವುದು ರೂಪದಲ್ಲಲ್ಲ, ಅರ್ಥದಲ್ಲಿ.

‘ಮೆ ಲಾಬೊ ಲಾಸ್ ಮಾನೊಸ್’ ಎಂಬ ವಾಕ್ಯವನ್ನು ನೋಡೋಣ. ಕೈ ತೊಳೆದುಕೊಳ್ಳುತ್ತೇನೆ ಎಂದು ಇದರ ಅರ್ಥ. ಇಂಗ್ಲಿಷಿನವನು ಇಲ್ಲಿ ‘ನನ್ನ ಕೈಗಳನ್ನು ತೊಳೆಯುತ್ತೇನೆ’ ಎನ್ನಬೇಕು. ಕೈ ಯಾರದೆಂದು ಹೇಳದೆ ಅವನಿಗೆ ವಾಕ್ಯ ಸಾಗದು. ಸ್ಪ್ಯಾನಿಷಿನಲ್ಲಿ ‘ನನ್ನ’ ಎಂಬ ಮಾತಿಲ್ಲ. ಕ್ರಿಯೆ ತನ್ನತ್ತ ತಿರುಗಿದೆಯೆಂದು ‘ಮೆ’ ಸಾರಿದ ಮೇಲೆ ಕೈ ಪರರದಾಗುವುದುಂಟೆ? ಕನ್ನಡಿಗನ ಮಾತೂ ಇದೇ. ಊಟಕ್ಕೆ ಮುಂಚೆ ‘ನಾನು ನನ್ನ ಕೈಗಳನ್ನು ತೊಳೆದೆ’ ಎನ್ನುವವನು ನಮ್ಮ ಯಾವ ಮನೆಯಲ್ಲಿದ್ದಾನೆ? ‘ಕೈ ತೊಳೆದುಕೊಂಡೆ’ ಎನ್ನುತ್ತೇವೆ. ಇಂಗ್ಲಿಷಿನ ಮೂಲಕ ಕಲಿತ ನಮ್ಮ ಹುಡುಗ ಪರೀಕ್ಷೆಯಲ್ಲಿ ಅಲ್ಲಿ ‘ನನ್ನ’ ಎಂಬುದನ್ನು ಸೇರಿಸಿ ಅಂಕ ಕಳೆದುಕೊಳ್ಳುತ್ತಾನೆ. ತನ್ನ ತಾಯಿಯ ಮಾತನ್ನು ನೆನೆದಿದ್ದರೆ ಆ ತಪ್ಪು ಆಗುತ್ತಿರಲಿಲ್ಲ.

ಹಳಗನ್ನಡದ ‘ಕೊಳ್’ ಎಂದರೆ ತೆಗೆದುಕೊ, ಸ್ವೀಕರಿಸು. ಆ ಧಾತು ಇನ್ನೊಂದು ಕ್ರಿಯೆಯ ಬೆನ್ನಿಗೆ ಬಂದಾಗ, ಕ್ರಿಯೆಯ ಫಲವನ್ನು ಮಾಡಿದವನೇ ಸ್ವೀಕರಿಸಿದನೆಂದು ಅರ್ಥವಾಗುತ್ತದೆ. ಬರೆದುಕೊಂಡೆ ಎಂದರೆ ನನಗಾಗಿ ಬರೆದೆ. ಬರೆದುಕೊಟ್ಟೆ ಎಂದರೆ ಇನ್ನೊಬ್ಬರಿಗಾಗಿ ಬರೆದೆ. ಕೊಳ್ಳುವುದು, ಕೊಡುವುದು ಎಂಬ ಎರಡು ಕೈಗಳ ವ್ಯವಹಾರವನ್ನೇ ಕನ್ನಡ ತನ್ನ ವ್ಯಾಕರಣಕ್ಕೆ ಇಳಿಸಿದೆ. ಸ್ಪ್ಯಾನಿಷಿನಲ್ಲಿ ‘ಮೆ ಕೊಂಪ್ರೆ ಉನ್ ಲೀಬ್ರೊ’ ಎಂದರೆ ಪುಸ್ತಕವೊಂದನ್ನು ಕೊಂಡುಕೊಂಡೆ. ‘ಲೆ ಕೊಂಪ್ರೆ ಉನ್ ಲೀಬ್ರೊ’ ಎಂದರೆ ಅವನಿಗೆ ಪುಸ್ತಕವೊಂದನ್ನು ಕೊಂಡುಕೊಟ್ಟೆ. ಇಲ್ಲಿ ಯಾರೂ ‘ತನ್ನನ್ನು ತಾನು’ ಕೊಂಡಿಲ್ಲ. ಫಲ ಯಾರ ಮಡಿಲಿಗೆ ಬಿತ್ತೆಂಬುದೇ ಇಲ್ಲಿಯ ವಿವಕ್ಷೆ.

ಸಂಸ್ಕೃತ ಓದಿದವರಿಗೆ ಈ ವಿಚಾರ ಹೊಸದಲ್ಲ. ಪರಸ್ಮೈಪದ, ಆತ್ಮನೇಪದ ಎಂಬ ಹೆಸರುಗಳೇ ಪರರಿಗಾಗಿ, ತನಗಾಗಿ ಎಂದು ಹೇಳುತ್ತವೆ. ಪುರೋಹಿತನು ಇನ್ನೊಬ್ಬನಿಗಾಗಿ ಯಾಗ ಮಾಡಿದರೆ ‘ಯಜತಿ’. ಯಜಮಾನನು ಫಲ ತನಗಾಗಲೆಂದು ಮಾಡಿದರೆ ‘ಯಜತೇ’. ಕ್ರಿಯಾಫಲವು ಕರ್ತೃವಿಗೇ ಸೇರುವಾಗ ಕೆಲವು ಬಗೆಯ ಧಾತುಗಳಿಗೆ ಆತ್ಮನೇಪದ ಬರುತ್ತದೆಂದು ಪಾಣಿನಿ ವಿಧಿಸಿದ್ದಾನೆ. ಮುಂದಿನ ಕವಿಗಳು ಈ ಭೇದವನ್ನು ಅಷ್ಟು ಕಟ್ಟುನಿಟ್ಟಾಗಿ ಪಾಲಿಸಲಿಲ್ಲ, ನಿಜ. ಆದರೂ ‘ಸೆ’ ಎಂಬುದರ ಹೃದಯವನ್ನು ಹಿಡಿಯಲು ಇಂಗ್ಲಿಷಿನ ‘ತನ್ನನ್ನು ತಾನೇ’ ಎಂಬ ಲಕ್ಷಣಕ್ಕಿಂತ ಪಾಣಿನಿಯ ‘ಫಲ ಯಾರಿಗೆ?’ ಎಂಬ ಪ್ರಶ್ನೆ ಹೆಚ್ಚು ನೆರವಾಗುತ್ತದೆ.

ಹಾಗಾದರೆ ನಮ್ಮ ಹುಡುಗನ ಸಂಶಯಕ್ಕೆ ಉತ್ತರವೇನು? ಸ್ಪೇನಿನವರು ತಮ್ಮನ್ನು ತಾವೇ ಕೂರಿಸುವುದೇಕೆ? ಇಲ್ಲಿ ಎರಡು ಭಾಷೆಗಳೂ ಒಂದೇ ದಾರಿಯ ಎರಡು ತುದಿಗಳಿಂದ ಹೊರಡುತ್ತವೆ. ಕನ್ನಡಕ್ಕೆ ಮೂಲ ‘ಕೂರು’. ಅದಕ್ಕೆ ‘ಇಸು’ ಸೇರಿಸಿ ‘ಕೂರಿಸು’ ಮಾಡುತ್ತೇವೆ. ಮಲಗು, ಮಲಗಿಸು ಎಂಬುವೂ ಹಾಗೆಯೇ. ಸ್ಪ್ಯಾನಿಷಿಗೆ ಮೂಲ ‘ಸೆಂತಾರ್’, ಎಂದರೆ ಕೂರಿಸು. ಅದಕ್ಕೆ ‘ಸೆ’ ಸೇರಿಸಿದರೆ ‘ಸೆಂತಾರ್ಸೆ’, ಕುಳಿತುಕೊ. ‘ಅಕೊಸ್ತಾರ್’ ಮಲಗಿಸು, ‘ಅಕೊಸ್ತಾರ್ಸೆ’ ಮಲಗಿಕೊ. ತಾಯಿ ಮಗುವನ್ನು ಮಲಗಿಸಿ ತಾನೂ ಮಲಗಿಕೊಂಡಳೆಂಬ ವಾಕ್ಯದಲ್ಲಿ ಕನ್ನಡ ಮೊದಲ ಕ್ರಿಯೆಯನ್ನು ‘ಇಸು’ವಿನಿಂದ ಗುರುತಿಸಿದರೆ, ಸ್ಪ್ಯಾನಿಷ್ ಎರಡನೆಯದನ್ನು ‘ಸೆ’ಯಿಂದ ಗುರುತಿಸುತ್ತದೆ. ಹುಡುಗನಿಗೆ ವ್ಯಾಮೋಹವಾಗಿ ಕಂಡದ್ದು ಇಷ್ಟೆ.

ಆದರೆ ‘ಸೆ’ಯ ಸಂಸಾರ ದೊಡ್ಡದು, ‘ಕೊಳ್ಳು’ ಒಂದರಿಂದಲೇ ಅದನ್ನು ತೂಗಿಸಲಾಗದು. ‘ಬಾ’ ಎಂದರೆ ಅಲ್ಲಿ ಹೋಗುತ್ತಾನೆ ಎಂದರ್ಥ. (ನಮ್ಮ ಕಿವಿಗೆ ಇದು ತಮಾಷೆಯಾದೀತು.) ‘ಸೆ ಬಾ’ ಎಂದರೆ ಹೊರಟುಹೋಗುತ್ತಾನೆ, ಇದ್ದ ಜಾಗವನ್ನು ಬಿಟ್ಟು ನಡೆದನೆಂಬ ಭಾವ. ‘ದೊರ್ಮೀರ್’ ನಿದ್ರಿಸು, ‘ದೊರ್ಮೀರ್ಸೆ’ ನಿದ್ದೆಹೋಗು. ‘ಕೊಮ್ಯೊ ಪಾನ್’ ರೊಟ್ಟಿ ತಿಂದ. ‘ಸೆ ಕೊಮ್ಯೊ ತೋದೊ ಎಲ್ ಪಾನ್’ ರೊಟ್ಟಿಯನ್ನೆಲ್ಲ ತಿಂದುಬಿಟ್ಟ. ಕನ್ನಡ ಕೊಳ್ಳು, ಹೋಗು, ಬಿಡು ಎಂಬ ಮೂವರು ಆಳುಗಳಿಗೆ ಹಂಚಿದ ಕೆಲಸವನ್ನು ಸ್ಪ್ಯಾನಿಷ್ ಒಬ್ಬನೇ ಆಳಿನ ತಲೆಯ ಮೇಲೆ ಹೊರಿಸಿದೆ. ಕನ್ನಡ ಬಲ್ಲವನಿಗೆ ಈ ಭೇದಗಳೆಲ್ಲ ಮೊದಲೇ ಗೊತ್ತು. ಅವನು ಕಲಿಯಬೇಕಾದದ್ದು ಅವೆಲ್ಲಕ್ಕೂ ಅಲ್ಲಿ ಒಂದೇ ಹೆಸರೆಂಬುದನ್ನು ಮಾತ್ರ.

ಇನ್ನು ಹುಡುಗನ ಕಡೆಯ ಮಾತು, ತಮ್ಮನ್ನು ತಾವೇ ಸಾಯಿಸುವುದು. ‘ಮೊರೀರ್’ ಎಂದರೆ ಸಾಯು; ‘ಮೊರೀರ್ಸೆ’ ಎಂದರೂ ಸಾವೇ. ಚರಿತ್ರೆಯ ಪುಸ್ತಕದಲ್ಲಿ, ಪತ್ರಿಕೆಯ ವರದಿಯಲ್ಲಿ ‘ಮುರ್ಯೊ’ ಎಂದಿರುತ್ತದೆ. ಮನೆಯ ಹಿರಿಯರು ಕಾಯಿಲೆಯಿಂದಲೋ ಮುಪ್ಪಿನಿಂದಲೋ ಹೋದಾಗ ಮನೆಯವರು ‘ಸೆ ಮುರ್ಯೊ’ ಎನ್ನುತ್ತಾರೆ. ಕತ್ತಿಗೆ, ಗುಂಡಿಗೆ ಬಲಿಯಾದವನಿಗೆ ಈ ‘ಸೆ’ ಸಾಮಾನ್ಯವಾಗಿ ಸಲ್ಲುವುದಿಲ್ಲ. ಇದನ್ನು ಇಂಗ್ಲಿಷಿನಲ್ಲಿ ವಿವರಿಸಲು ಅಧ್ಯಾಪಕರು ತಿಣುಕಬೇಕಾಗುತ್ತದೆ. ಕನ್ನಡಿಗನಿಗೆ ಒಂದೇ ಮಾತು ಸಾಕು: ‘ತೀರಿಕೊಂಡರು’. ನಮ್ಮಲ್ಲಿಯೂ ಅಜ್ಜ ತೀರಿಕೊಳ್ಳುತ್ತಾನೆ. ರಣರಂಗದಲ್ಲಿ ಸೈನಿಕ ಮಡಿಯುತ್ತಾನೆ. ಸಾವಿನ ಫಲವನ್ನು ಸತ್ತವನು ಹೇಗೆ ಸ್ವೀಕರಿಸಿಯಾನೆಂದು ತರ್ಕಶಾಸ್ತ್ರ ಕೇಳಬಹುದು. ಭಾಷೆ ಅದನ್ನು ಕೇಳುವುದಿಲ್ಲ. ತುಂಬಿದ ಆಯುಸ್ಸೊಂದು ತನ್ನಷ್ಟಕ್ಕೆ ತೀರಿತೆಂಬ ಸಮಾಧಾನವನ್ನು ಎರಡು ಭಾಷೆಗಳೂ, ಒಂದನ್ನೊಂದು ಅರಿಯದೆಯೇ, ಒಂದೇ ಬಗೆಯಲ್ಲಿ ಹೇಳಿಕೊಂಡಿವೆ. ಈ ಮಾತನ್ನು ಕೇಳಿ ಹುಡುಗ ಸುಮ್ಮನಾದ. ಹಿಂದಿನ ವರ್ಷವಷ್ಟೆ ಅವನ ಅಜ್ಜಿ ತೀರಿಕೊಂಡಿದ್ದರು.

ಇಷ್ಟೇ ಆಗಿದ್ದರೆ ಇದು ವ್ಯಾಕರಣದ ವಿನೋದವಾಗಿ ಮುಗಿಯುತ್ತಿತ್ತು. ಮುಂದಿನ ಪ್ರಯೋಗ ನೀತಿಯ ಮಾತಿಗೂ ತಾಗುತ್ತದೆ. ಕೈಜಾರಿ ಲೋಟ ಬಿದ್ದರೆ ಸ್ಪ್ಯಾನಿಷಿನವನು ‘ಸೆ ಮೆ ಕಯೊ ಎಲ್ ಬಾಸೊ’ ಎನ್ನುತ್ತಾನೆ. ಇಲ್ಲಿ ಕರ್ತೃ ಲೋಟ, ಬಿದ್ದುಹೋದದ್ದು ಅದು. ‘ಮೆ’ ಎಂದರೆ ‘ನನಗೆ’. ಆ ಸಂಗತಿ ನಡೆದದ್ದು ನನ್ನ ಪಾಲಿಗೆ. ‘ಸೆ ಮೆ ಒಲ್ಬಿದೊ’ ಎಂದರೆ ನನಗೆ ಮರೆತುಹೋಯಿತು. ಇಂಗ್ಲಿಷಿನಲ್ಲಿ ‘ಲೋಟವನ್ನು ಬೀಳಿಸಿದೆ’, ‘ಮರೆತೆ’ ಎಂದೇ ಹೇಳುವುದು ರೂಢಿ. ನಮ್ಮ ಅಡುಗೆಮನೆಗಳಲ್ಲಿಯೂ ಪಾತ್ರೆಗಳು ಬಿದ್ದುಹೋಗುತ್ತವೆ, ಬಟ್ಟಲುಗಳು ಒಡೆದುಹೋಗುತ್ತವೆ, ಹಾಲು ಉಕ್ಕಿಹೋಗುತ್ತದೆ.

ಕೇಟ್ಲಿನ್ ಫಾಸಿ, ಲೇರಾ ಬೊರೊಡಿಟ್ಸ್ಕಿ ಎಂಬ ಇಬ್ಬರು ವಿದುಷಿಯರು ಇದನ್ನು ಪ್ರಯೋಗಕ್ಕೊಡ್ಡಿ, ಫಲಿತಾಂಶವನ್ನು 2011ರಲ್ಲಿ ಪ್ರಕಟಿಸಿದರು. ಬಲೂನು ಒಡೆಯುವುದು, ಮೊಟ್ಟೆ ಒಡೆಯುವುದು ಮುಂತಾದ ಸಣ್ಣ ಘಟನೆಗಳ ಚಿತ್ರಗಳನ್ನು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಭಾಷಿಕರಿಗೆ ತೋರಿಸಲಾಯಿತು. ಬೇಕೆಂದು ಮಾಡಿದ ಕೆಲಸಗಳಲ್ಲಿ ಮಾಡಿದವರು ಯಾರೆಂಬುದನ್ನು ಎರಡು ಗುಂಪಿನವರೂ ಒಂದೇ ಸಮನಾಗಿ ನೆನಪಿಟ್ಟಿದ್ದರು. ಅಕಸ್ಮಾತ್ತಾಗಿ ಆದವುಗಳಲ್ಲಿ ಮಾತ್ರ ಇಂಗ್ಲಿಷಿನವರ ನೆನಪು ಹೆಚ್ಚಾಗಿತ್ತು. ಭಾಷೆಯೇ ಮನುಷ್ಯನ ಶೀಲವನ್ನು ನಿರ್ಣಯಿಸುತ್ತದೆಂದು ಇದರಿಂದ ಸಾಧಿಸಲಾಗದು. ಆದರೆ ಯಾರ ಕಡೆಗೆ ನೋಡಬೇಕೆಂದು ಅದು ನಮ್ಮ ಕಣ್ಣನ್ನು ಕೊಂಚ ತಿರುಗಿಸುತ್ತದೆಂದು ಒಪ್ಪಬಹುದು.

ಹಾಗಾದರೆ ಸ್ಪ್ಯಾನಿಷಿನವರೂ ನಾವೂ ಜವಾಬ್ದಾರಿಯಿಂದ ನುಣುಚಿಕೊಳ್ಳುವವರೆ? ಅವಸರದ ತೀರ್ಪು ಬೇಡ. ಒಂದು ಕಚೇರಿಯಲ್ಲಿ ನಾನು ಸಲ್ಲಿಸಿದ್ದ ಅರ್ಜಿಯನ್ನು ಕುರಿತು ಮೂರು ತಿಂಗಳ ಬಳಿಕ ವಿಚಾರಿಸಿದಾಗ ಗುಮಾಸ್ತರು ‘ಅದು ಕಳೆದುಹೋಗಿದೆ’ ಎಂದರು. ಅರ್ಜಿಗೆ ಕಾಲು ಬಂದು ತಾನೇ ನಡೆದುಹೋದಂತೆ ಇತ್ತು ಆ ಮಾತು. ಸ್ಪ್ಯಾನಿಷಿನಲ್ಲಿ ಇದು ‘ಸೆ ಪೆರ್ದ್ಯೊ’. ಅವರು ‘ನನ್ನಿಂದ ಕಳೆದುಹೋಯಿತು ಸ್ವಾಮಿ’ ಎಂದಿದ್ದರೆ ‘ಸೆ ಮೆ ಪೆರ್ದ್ಯೊ’. ಎರಡರಲ್ಲಿಯೂ ‘ಸೆ’ ಇದೆ, ‘ಹೋಗು’ ಇದೆ. ಬೇಕೆಂದು ಮಾಡಲಿಲ್ಲವೆಂಬ ಅರ್ಥವೂ ಇದೆ. ಎರಡನೆಯದರಲ್ಲಿ ಮಾತ್ರ ಒಬ್ಬ ಮನುಷ್ಯನಿದ್ದಾನೆ. ತಪ್ಪನ್ನು ಹಗುರ ಮಾಡಿದರೂ ತನ್ನನ್ನು ವಾಕ್ಯದಿಂದ ಅಳಿಸಿಕೊಳ್ಳದೆ ನಿಂತಿದ್ದಾನೆ. ಹಾಗೆ ನಿಲ್ಲಲು ಎರಡು ಭಾಷೆಗಳೂ ಜಾಗ ಕೊಟ್ಟಿವೆ. ನಿಲ್ಲುವುದೂ ಬಿಡುವುದೂ ಆಡುವವನಿಗೆ ಸೇರಿದ್ದು.

ಮನುಷ್ಯನನ್ನು ಪೂರ್ಣವಾಗಿ ಬಿಟ್ಟುಬಿಡುವ ‘ಸೆ’ ಕೂಡ ಒಂದುಂಟು. ಅಂಗಡಿಯ ಮುಂದೆ ‘ಸೆ ಬೆಂದೆ’, ಮಾರಾಟಕ್ಕಿದೆ. ‘ಸೆ ಆಬ್ಲ ಎಸ್ಪಾನ್ಯೊಲ್’, ಇಲ್ಲಿ ಸ್ಪ್ಯಾನಿಷ್ ಮಾತಾಡುತ್ತಾರೆ. ಯಾರು ಮಾರುತ್ತಾರೆ, ಯಾರು ಮಾತಾಡುತ್ತಾರೆ ಎಂಬುದು ಗೌಣ. ಇಂಥ ಕಡೆ ‘ಮಾರಲ್ಪಡುತ್ತದೆ’, ‘ಮಾತಾಡಲ್ಪಡುತ್ತದೆ’ ಎಂದು ಬರೆದರೆ ಕನ್ನಡ ಉಸಿರುಗಟ್ಟುತ್ತದೆ. ಆದರೆ ಮಗು ಕೆಟ್ಟ ಮಾತಾಡಿದಾಗ ಅಲ್ಲಿಯ ತಾಯಿ ಏನೆನ್ನುತ್ತಾಳೆ? ‘ಎಸೊ ನೊ ಸೆ ದೀಸೆ’. ಇಲ್ಲಿಯ ತಾಯಿ ಏನೆನ್ನುತ್ತಾಳೆ? ‘ಹಾಗೆಲ್ಲ ಅನ್ನಬಾರದು’. ನೀನು ಅನ್ನಬಾರದೆ, ನಾನು ಅನ್ನಬಾರದೆ, ಯಾರು ಅನ್ನಬಾರದು? ಎರಡೂ ವಾಕ್ಯಗಳಲ್ಲಿ ಕರ್ತೃವಿಲ್ಲ. ಊರಿಗೆ ಊರೇ ಕರ್ತೃ. ಹಾಗಿರುವುದರಿಂದಲೇ ಆ ಗದರಿಕೆಗೆ ಅಷ್ಟು ತೂಕ.

ಹೋಲಿಕೆಯ ಹುರುಪಿನಲ್ಲಿ ಭೇದಗಳನ್ನು ಮರೆಯಬಾರದು. ‘ನನ್ನ ಹೆಸರು ಇಂಥದು’ ಎಂಬುದಕ್ಕೆ ಸ್ಪ್ಯಾನಿಷಿನಲ್ಲಿ ‘ಮೆ ಯಾಮೊ’ ಎನ್ನಬೇಕು. ಅಕ್ಷರಶಃ ‘ನನ್ನನ್ನು ಕರೆದುಕೊಳ್ಳುತ್ತೇನೆ’. ಕನ್ನಡದಲ್ಲಿ ಹಾಗೆಂದರೆ ನಗೆಪಾಟಲು. ನಾವು ಕಲಿತುಕೊಳ್ಳುತ್ತೇವೆ; ಅವರ ‘ಅಪ್ರೆಂದೇರ್’ ಎಂಬ ಧಾತುವಿಗೆ ಆ ಅರ್ಥದಲ್ಲಿ ‘ಸೆ’ ಬೇಕಿಲ್ಲ. ನಾವು ಮಗುವನ್ನು ನೋಡಿಕೊಳ್ಳುತ್ತೇವೆ. ಅಲ್ಲಿಯೂ ಅವರಿಗೆ ‘ಸೆ’ ಇಲ್ಲ. ‘ಓಡಿಕೊಂಡು ಬಂದ’ ಎಂಬ ನಮ್ಮ ‘ಕೊಂಡು’ವಿಗಂತೂ ಈ ಸಂಸಾರದ ಸಂಬಂಧವೇ ಇಲ್ಲ. ಅವರ ‘ಸೆ ಲೊ ದಿ’ (ಅವನಿಗೆ ಅದನ್ನು ಕೊಟ್ಟೆ) ಎಂಬಲ್ಲಿಯ ‘ಸೆ’ ಕೂಡ ವೇಷಧಾರಿ; ಅದು ಹಳೆಯ ಕಾಸ್ತಿಲಿಯನ್ ಭಾಷೆಯ ಬೇರೊಂದು ಸರ್ವನಾಮ ಧ್ವನಿ ಬದಲಿಸಿ ಬಂದದ್ದು. ಇವನ್ನು ಒಂದೊಂದಾಗಿ ಕಲಿಯದೆ ವಿಧಿಯಿಲ್ಲ. ನಮ್ಮ ಭಾಷೆಯಿಂದ ಹೊರಟವನು ಎಲ್ಲಿ ದಾರಿ ಕವಲೊಡೆಯಿತೆಂದು ಗುರುತಿಸಬಲ್ಲ; ಬಾಡಿಗೆಯ ಭಾಷೆಯಿಂದ ಹೊರಟವನಿಗೆ ಕವಲೂ ಕಾಣದು, ದಾರಿಯೂ ಕಾಣದು.

ತರಗತಿಯಲ್ಲಿ ಹಲವು ಮಾತೃಭಾಷೆಗಳ ಮಕ್ಕಳಿರುತ್ತಾರೆ, ಪಠ್ಯಗಳು ಬರುವುದು ಇಂಗ್ಲಿಷಿನಲ್ಲಿ, ಹೀಗಿರುವಾಗ ಕನ್ನಡವನ್ನು ಎಲ್ಲಿ ತರುವುದು ಎಂದು ಅಧ್ಯಾಪಕರು ಕೇಳಬಹುದು. ಕಷ್ಟ ನಿಜವೇ. ಆದರೆ ಪಾಠವನ್ನೆಲ್ಲ ಕನ್ನಡದಲ್ಲಿ ಮಾಡಿರೆಂದು ಯಾರೂ ಕೇಳುತ್ತಿಲ್ಲ. ‘ನಿಮ್ಮ ಮನೆಯ ಮಾತಿನಲ್ಲಿ ಇದನ್ನು ಹೇಗೆ ಹೇಳುತ್ತೀರಿ?’ ಎಂಬ ಒಂದು ಪ್ರಶ್ನೆ ಸಾಕು. ತಮಿಳಿನ ಹುಡುಗಿ ತನ್ನ ‘ಕೊಳ್’ ಅನ್ನು, ತೆಲುಗಿನವನು ತನ್ನ ‘ಕೊನು’ವನ್ನು ತಂದು ಮುಂದಿಡುತ್ತಾರೆ, ಅವು ನಮ್ಮ ‘ಕೊಳ್ಳು’ವಿನ ಒಡಹುಟ್ಟುಗಳೇ. ಆಗ ತರಗತಿಗೆ ತಿಳಿಯುವುದು ‘ಸೆ’ ಮಾತ್ರವಲ್ಲ.

ಸ್ಪ್ಯಾನಿಷಿನವರ ಸ್ವಂತ ಚರಿತ್ರೆಯಲ್ಲೇ ಇದಕ್ಕೊಂದು ಪಾಠವಿದೆ. ಕರಾಕಾಸಿನಲ್ಲಿ ಹುಟ್ಟಿ ಚಿಲಿಯಲ್ಲಿ ನೆಲೆಸಿದ ಆಂದ್ರೆಸ್ ಬೇಯೊ 1847ರಲ್ಲಿ ಅಮೆರಿಕದ ಸ್ಪ್ಯಾನಿಷ್ ಭಾಷಿಕರಿಗಾಗಿ ವ್ಯಾಕರಣವೊಂದನ್ನು ಬರೆದ. ಲ್ಯಾಟಿನ್ ವ್ಯಾಕರಣದ ಅಚ್ಚಿನಲ್ಲಿ ತನ್ನ ಭಾಷೆಯನ್ನು ಎರೆಯುವುದನ್ನು ಅವನು ಒಪ್ಪಲಿಲ್ಲ. ಭಾಷೆ ಹೇಗಿದೆಯೋ ಹಾಗೆಯೇ ಅದನ್ನು ವಿವರಿಸಬೇಕೆಂದ. ‘ಸೆ’ ಬಂದ ಮಾತ್ರಕ್ಕೆ ಕ್ರಿಯೆ ನಿಜವಾಗಿ ತನ್ನ ಮೇಲೆ ತಾನೇ ನಡೆಯುವುದಿಲ್ಲವೆಂದು ಕಂಡು, ಅಂಥ ಪ್ರಯೋಗಗಳಿಗೆ ‘ಆತ್ಮಾರ್ಥಕದಂಥವು’ ಎಂಬ ಅರ್ಥದ ಬೇರೆ ಹೆಸರನ್ನೇ ಕೊಟ್ಟ. ಅವನು ಲ್ಯಾಟಿನ್ನಿನ ಅಚ್ಚಿನಿಂದ ಬಿಡಿಸಿದ ಭಾಷೆಯನ್ನು ನಾವು ಇಂಗ್ಲಿಷಿನ ಅಚ್ಚಿನಲ್ಲಿ ಹಾಕಿ ನಮ್ಮ ಮಕ್ಕಳಿಗೆ ಕೊಡುತ್ತಿದ್ದೇವೆ.

ಇದರ ನಷ್ಟ ಪರೀಕ್ಷೆಯ ಅಂಕಗಳಲ್ಲಿ ಮುಗಿಯುವುದಿಲ್ಲ. ಲೋರ್ಕಾ, ನೆರೂದಾ, ಮಾರ್ಕೆಸ್ ಮೊದಲಾದವರು ಕನ್ನಡಕ್ಕೆ ಬಂದದ್ದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ. ಆ ಅನುವಾದಗಳಿಗೆ ನಾವು ಋಣಿಗಳು. ಆದರೆ ‘ಮುರ್ಯೊ’ ಮತ್ತು ‘ಸೆ ಮುರ್ಯೊ’ ಎರಡೂ ಇಂಗ್ಲಿಷಿನಲ್ಲಿ ಒಂದೇ ಶಬ್ದವಾಗಿಬಿಟ್ಟರೆ, ‘ಸತ್ತ’ ಎನ್ನಲೋ ‘ತೀರಿಕೊಂಡ’ ಎನ್ನಲೋ ಎಂದು ಕನ್ನಡದ ಅನುವಾದಕ ಊಹಿಸಬೇಕಾಗುತ್ತದೆ. ‘ಸೆ ಮೆ ಕಯೊ’ ಎಂಬುದು ‘ಬೀಳಿಸಿದೆ’ ಆಗಿ ಬಂದರೆ, ‘ಕೈಯಿಂದ ಬಿದ್ದುಹೋಯಿತು’ ಎಂಬ ನಮ್ಮ ಸಹಜವಾದ ಮಾತು ಬಾಯಲ್ಲೇ ಉಳಿಯುತ್ತದೆ. ಮೂಲದಲ್ಲಿಯೂ ಇದ್ದ, ನಮ್ಮಲ್ಲಿಯೂ ಇದ್ದ ವಸ್ತು ನಡುವಣ ದಲ್ಲಾಳಿಯ ಅಂಗಡಿಯಲ್ಲಿ ಇಲ್ಲದ ಕಾರಣ ನಮಗೆ ದಕ್ಕದೆ ಹೋಗುತ್ತದೆ. ಸ್ಪ್ಯಾನಿಷನ್ನು ನೇರವಾಗಿ ಕಲಿಯುತ್ತಿರುವ ಈ ತಲೆಮಾರಿನವರಾದರೂ ಆ ನಷ್ಟವನ್ನು ತುಂಬಿಕೊಡಬೇಕು. ಅದಕ್ಕೆ ಅವರಿಗೆ ಸ್ಪ್ಯಾನಿಷ್ ಎಷ್ಟು ಬೇಕೋ ಕನ್ನಡವೂ ಅಷ್ಟೇ ಬೇಕು.

ಅಂದು ಹುಡುಗ ಹೊರಡುವ ಮುನ್ನ ತನ್ನ ಪಟ್ಟಿಯ ಇಂಗ್ಲಿಷ್ ಅರ್ಥಗಳ ಪಕ್ಕದಲ್ಲಿ ಒಂದು ಗೆರೆ ಎಳೆದು ಮೂರನೆಯ ಅಂಕಣವನ್ನು ಮಾಡಿದ. ಮರುವಾರ ಅದರ ತುಂಬ ‘ಕೊಂಡೆ’, ‘ಹೋಯಿತು’, ‘ಬಿಟ್ಟ’, ‘ಬಾರದು’ ಎಂದು ಬರೆದು ತಂದಿದ್ದ. ಕೆಲವು ಮನೆಗಳನ್ನು ಖಾಲಿ ಬಿಟ್ಟು ಪ್ರಶ್ನೆಚಿಹ್ನೆ ಹಾಕಿದ್ದ. ‘ಮೆ ಯಾಮೊ’ ಅವುಗಳಲ್ಲಿ ಒಂದು. ಆ ಖಾಲಿ ಮನೆಗಳನ್ನು ಮುಂದಿಟ್ಟುಕೊಂಡು ನಾವಿಬ್ಬರೂ ರಾತ್ರಿಯ ಊಟದ ಹೊತ್ತಿನವರೆಗೆ ಕುಳಿತಿದ್ದೆವು.